ಕೆಂಡಮ್ಮ ಕುಡಿಸಿದ ಹಾಲು

ಕೆಂಡಮ್ಮ ಎಂದು ಹೆಸರಿಟ್ಟವಳು ನಾನೇ. ಸಿಟ್ಟಿನಲ್ಲಿ ಬಾಯಿಗೆ ಬಂದ ಹೆಸರು ಅದು. ಓಣಿಯವರಿಗೆಲ್ಲ ಹಿಡಿಸಿ, ಕೊನೆಗೆ ಅವಳ ಗಂಡನೂ ಹಾಗೆಯೇ ಕರೆಯತೊಡಗಿದ. ನಮ್ಮ ಗೋಡೆಗೆ ಅಂಟಿಕೊಂಡ ಒಂದೇ ಕೋಣೆಯ ಮನೆ ಅವರದು. ಬಾಗಿಲ ಮುಂದೆ ಮೇಜು ಹಾಕಿಕೊಂಡು ಅವಳು ದಿನವಿಡೀ ಇಸ್ತ್ರಿ ಮಾಡುತ್ತಿದ್ದಳು. ಗಂಡ ಸೈಕಲ್ ಮೇಲೆ ಬಟ್ಟೆಯ ಗಂಟುಗಳನ್ನು ತರುವುದು, ಮಡಿಸಿದ್ದನ್ನು ಮನೆಮನೆಗೆ ಮುಟ್ಟಿಸುವುದು. ಬೆಳಿಗ್ಗೆ ಅವಳು ಪೆಟ್ಟಿಗೆಗೆ ಇದ್ದಿಲು ತುಂಬಿ ಬೀಸಣಿಗೆ ಹಿಡಿದಳೆಂದರೆ ಹೊಗೆಯೆಲ್ಲ ನಮ್ಮ ಕಿಟಕಿಗೆ. ನಾನೇನು ಸುಮ್ಮನಿರುವ ಪೈಕಿಯೇ? ನಾನೊಂದು ಅಂದರೆ ಅವಳು ಎರಡು ಅನ್ನುವಳು.

ನನ್ನ ಗಂಡ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದರು. ಮೆತ್ತಗಿನ ಮನುಷ್ಯ. ನೀವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು, ಆ ತಾಯಿಯನ್ನು ನೆನೆದರೆ ಪಾಪ ಅನ್ನಿಸುತ್ತದೆ ಎಂದು ನಗುತ್ತಿದ್ದರು.

ಕೆಂಡಮ್ಮನದು ಒಂದು ವಿಚಿತ್ರ ಶಾಸ್ತ್ರ. ಕಾಲರ್ ನೋಡಿದರೆ ಸಾಕಂತೆ, ಮನುಷ್ಯನ ಗುಣ ಗೊತ್ತಾಗುತ್ತದಂತೆ. ಓಣಿಯ ದೊಡ್ಡ ಮನುಷ್ಯರನ್ನೆಲ್ಲ ಅವಳು ಮೇಜಿನ ಮೇಲೆ ಹರಡಿ, ನೀರು ಚಿಮುಕಿಸಿ, ಒಬ್ಬೊಬ್ಬರ ಬಗ್ಗೆ ಒಂದೊಂದು ತೀರ್ಪು ಕೊಡುತ್ತಿದ್ದಳು. ಸಿಟ್ಟಿನ ನಡುವೆಯೂ ಕಿಟಕಿಯ ಈಚೆ ನಾನು ಬಾಯಿ ಮುಚ್ಚಿಕೊಂಡು ನಕ್ಕದ್ದುಂಟು. ಅವಳ ಮಗಳಿಗೆ ಆಗಷ್ಟೇ ನಡಿಗೆ ಬಂದಿತ್ತು. ಕೆಲಸದ ನಡುವೆ ಆ ಮಗುವನ್ನು ಒಗೆದ ಬಟ್ಟೆಯ ಬುಟ್ಟಿಯಲ್ಲಿ ಕೂರಿಸಿ, ಅತ್ತಾಗ ಎತ್ತಿ ಹಾಲು ಕುಡಿಸಿ, ಮತ್ತೆ ಬುಟ್ಟಿಗೇ ಇಳಿಸುತ್ತಿದ್ದಳು. ನನ್ನ ಮಗ ಇನ್ನೂ ಅಂಬೆಗಾಲಿಡದ ಕೂಸು.

ಹೀಗಿರುವಾಗ ಒಂದು ದಿನ ಅಂಗಡಿಯಿಂದ ಜನ ಓಡಿ ಬಂದರು. ಗಾಜಿನ ಹಲಗೆಯ ಮುಂದೆ ನಿಂತವರು ನಿಂತಲ್ಲೇ ಕುಸಿದರಂತೆ, ತಲೆಯೊಳಗೆ ನರ ಒಡೆದಿದೆಯಂತೆ. ನಾನು ಮಗುವನ್ನು ಎತ್ತಿಕೊಂಡು ಹೊರಗೆ ಓಡಿದೆ. ಕೆಂಡಮ್ಮ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು ಬಂದು, ನನ್ನ ಕಂಕುಳಿಂದ ಮಗುವನ್ನು ಕಿತ್ತುಕೊಂಡು, ನನ್ನನ್ನು ಆಟೋದೊಳಗೆ ತಳ್ಳಿದಳು.

ಮಾರನೆಯ ದಿನ ಬಟ್ಟೆಗೆಂದು ಆಸ್ಪತ್ರೆಯಿಂದ ಮನೆಗೆ ಬಂದೆ. ನನ್ನ ಮಗ ಅವಳ ಮಡಿಲಲ್ಲಿ ನಿದ್ದೆ ಹೋಗಿದ್ದ. ಕೆಂಡಮ್ಮ ಮೊದಲ ಬಾರಿಗೆ ತಗ್ಗಿದ ದನಿಯಲ್ಲಿ ಮಾತಾಡಿದಳು.

"ಬಾಟ್ಲಿ ಮುಟ್ಲೇ ಇಲ್ಲ ಅಕ್ಕಾ. ಅತ್ತೂ ಅತ್ತೂ ಉಸಿರು ಕಟ್ತಿತ್ತು. ನಿಮ್ಮನ್ನ ಕೇಳ್ದೆ ಕುಡಿಸ್ಬಿಟ್ಟೆ. ಬೈಯೋದಿದ್ರೆ ಅಣ್ಣ ಮನೆಗೆ ಬಂದ್ಮೇಲೆ ಬೈರಿ."

ಅಣ್ಣ ಮನೆಗೆ ಬರಲಿಲ್ಲ. ವಾರಗಟ್ಟಲೆ ಅವರು ಗಾಜಿನ ಬಾಗಿಲ ಆಚೆ, ಮೂಗು ಬಾಯಿಗೆಲ್ಲ ಕೊಳವೆ ಹಾಕಿಸಿಕೊಂಡು ಮಲಗಿದ್ದರು. ಕೂಸನ್ನು ಒಳಗೆ ಬಿಡುವುದಿಲ್ಲ, ನನಗೆ ಬಾಗಿಲು ಬಿಟ್ಟು ಬರಲು ಮನಸ್ಸಿಲ್ಲ. ಒಂದು ಸಲ ಕಣ್ಣು ತೆರೆದು ನನ್ನ ಬೆರಳು ಹಿಡಿದರು. ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು ನಾನು ಬೆಂಚಿನ ಮೇಲೆ ಬದುಕಿದೆ. ಊಟವಿಲ್ಲ, ನಿದ್ದೆಯಿಲ್ಲ. ನನ್ನ ಎದೆಯ ಹಾಲು ಯಾವಾಗ ಬತ್ತಿತೋ ನನಗೇ ತಿಳಿಯಲಿಲ್ಲ. ಕೊನೆಗೆ ಅವರು ಹೋದರು. ಅಷ್ಟು ಜನ ಅಷ್ಟು ಓಡಾಡಿದ್ದು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಆ ಜನರಿಗೆಲ್ಲ ನಾನು ಕೈ ಮುಗಿದಿದ್ದೇನೆ. ರಕ್ತ ಕೊಟ್ಟ ಅಂಗಡಿಯ ಹುಡುಗರಿಗೆ, ಬೆಂಚಿನ ಮೇಲೆ ಒರಗಿ ನಿದ್ದೆ ಹೋದವಳ ಮೇಲೆ ತನ್ನ ಸ್ವೆಟರ್ ಹೊದಿಸಿದ ನರ್ಸಮ್ಮನಿಗೆ, ಎಲ್ಲರಿಗೂ. ಕೆಂಡಮ್ಮನ ಮುಂದೆ ಮಾತ್ರ ಕೈ ಏಳಲಿಲ್ಲ. ಏಕೆಂದರೆ ಗಂಡನನ್ನು ಕಳಿಸಿಕೊಟ್ಟು ಮನೆಗೆ ಬಂದು ಮಗನತ್ತ ಕೈ ಚಾಚಿದಾಗ, ಅವನು ಮುಖ ತಿರುಗಿಸಿ ಅವಳ ಕುತ್ತಿಗೆಯನ್ನು ತಬ್ಬಿಕೊಂಡ. ಬಲವಂತವಾಗಿ ಎತ್ತಿಕೊಂಡರೆ ಕಿಟಾರನೆ ಕಿರುಚಿದ.

ದಿನ ಕಳೆದಂತೆ ಸರಿಹೋಗಬಹುದು ಅಂದುಕೊಂಡೆ. ಹೋಗಲಿಲ್ಲ. ನಾನು ಬಾಟ್ಲಿ ಹಿಡಿದರೆ ತಟ್ಟಿ ಬೀಳಿಸುವನು. ಗೋಡೆಯಾಚೆ ಅವಳ ದನಿ ಕೇಳಿದರೆ ಅತ್ತ ವಾಲುವನು. ಅವಳು ಬಂದು ಎತ್ತಿಕೊಂಡು ಕುಡಿಸಿದರೆ ಮಾತ್ರ ಸುಮ್ಮನಾಗಿ ನಿದ್ದೆ ಹೋಗುವನು. ನಾನು ಬೇರೆ ಕಡೆ ನೋಡುತ್ತಾ ಕೂರುತ್ತಿದ್ದೆ. ನನ್ನ ಮಗನ ಜೀವ ಉಳಿಸಿದವಳು ಅವಳು, ಅದು ನನಗೆ ಗೊತ್ತಿಲ್ಲವೇ? ಆದರೂ ಹೊಟ್ಟೆ ಉರಿಯುತ್ತಿತ್ತು. ಗಂಡ ಹೋದರು, ಉಳಿದ ಒಬ್ಬನಿಗೂ ನಾನು ಬೇಡವಾದೆನಲ್ಲಾ ಎಂದು ಒಳಗೊಳಗೇ ಸಾಯುತ್ತಿದ್ದೆ. ನನ್ನ ಬಾಯಿಗೆ ಆಗ ಜಗಳದ ಶಕ್ತಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ಕೆಂಡಮ್ಮ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಹಾಲಿನ ಬಾಟ್ಲಿಯನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲೇ ಕೂತಿರಿ ಎಂದು ನನಗೆ ಹೇಳಿ, ನನ್ನ ಮಗನನ್ನು ಮಡಿಲಿಗೆ ಹಾಕಿಕೊಂಡಳು. ಅವನು ಆಸೆಯಿಂದ ಬಾಯಿ ಹಾಕಿದ. ಮರುಕ್ಷಣ ಮುಖ ಕಿವುಚಿ ಉಗುಳಿದ. ಅವಳ ಮುಖ ನೋಡಿದ. ಮತ್ತೆ ಬಾಯಿ ಹಾಕಿದ, ಮತ್ತೆ ಉಗುಳಿದ. ಯಾವುದೋ ಕಹಿ ಸೊಪ್ಪನ್ನು ಅರೆದು ಎದೆಗೆ ಹಚ್ಚಿಕೊಂಡು ಬಂದಿದ್ದಳು. ಕೂಸು ದಿಕ್ಕು ತಪ್ಪಿದಂತೆ ಅತ್ತು, ಕೊನೆಗೆ ನನ್ನ ಕಡೆ ಕೈ ಚಾಚಿತು. ಎತ್ತಿಕೊಂಡೆ. ಬಿಕ್ಕುತ್ತಲೇ ಬಾಟ್ಲಿ ಕಚ್ಚಿದ. ಎಷ್ಟೋ ದಿನದ ಮೇಲೆ ನನ್ನ ಮಗನ ಭಾರ ನನ್ನ ಎದೆಯ ಮೇಲೆ ಬಿತ್ತು, ನನಗೆ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅವಳ ಮಗಳು ತನ್ನ ಸರದಿ ಬಂತೆಂದು ಮಡಿಲು ಹತ್ತಿದಳು. ಅವಳೂ ಬಾಯಿ ಹಾಕಿ, ಉಗುಳಿ, ಅಮ್ಮನನ್ನೇ ಪಿಳಿಪಿಳಿ ನೋಡಿದಳು. ಅದನ್ನು ತೊಳೆದುಕೊಂಡು ನಿನ್ನ ಮಗುವಿಗಾದರೂ ಕುಡಿಸೇ, ಅದೇನು ತಪ್ಪು ಮಾಡಿದೆ ಎಂದೆ. ಕೆಂಡಮ್ಮ ತಲೆಯಾಡಿಸಿದಳು.

"ಹಾಲಿರೋ ತನಕ ನನ್ನ ಕೈಲಿ ಆಗಲ್ಲ ಅಕ್ಕಾ. ಅವನು ಅತ್ರೆ ಓಡಿ ಬಂದ್ಬಿಡ್ತೀನಿ. ಹಾಲೇ ಬತ್ತಬೇಕು." ಮಗಳ ತುಟಿ ಒರೆಸುತ್ತಾ ಅಂದಳು: "ಇವಳಿಗೆ ಅಪ್ಪ ಇದ್ದಾನೆ, ನಾನಿದ್ದೀನಿ. ನಿಮಗೆ ಅವನು ಬಿಟ್ರೆ ಇನ್ಯಾರಿದ್ದಾರೆ?"

ನಾನು ಅವಳ ಕೈ ಹಿಡಿಯಲು ಹೋದೆ. ಈಗ ಏನೂ ಅನ್ನಬೇಡಿ ಎಂದು ಎದ್ದು ಹೋದಳು. ಸಂಜೆಯವರೆಗೂ ಗೋಡೆಯಾಚೆ ಆ ಹೆಣ್ಣುಮಗು ಅಳುತ್ತಲೇ ಇತ್ತು.

ಹಾಲು ಅಷ್ಟು ಬೇಗ ಬತ್ತುತ್ತದೆಯೇ? ಮುಂದಿನ ದಿನಗಳಲ್ಲಿ ಅವಳು ನನ್ನ ಬಾಗಿಲಿಗೆ ಬೆನ್ನು ಮಾಡಿಯೇ ಇಸ್ತ್ರಿ ಮಾಡಿದಳು. ಒಮ್ಮೆ ನಾನು ನೀರು ತರಲೆಂದು ಹೊರಗೆ ಹೋದಾಗ, ಒಳಗೆ ನನ್ನ ಮಗ ಅಳತೊಡಗಿದ. ಅವಳ ಕೈ ನಿಂತಿತು. ಎದೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದ ಟವೆಲ್ ನನ್ನ ಕಣ್ಣೆದುರೇ ಒದ್ದೆಯಾಗುತ್ತಾ ಬಂತು. ಅವಳು ತಲೆ ಎತ್ತಲಿಲ್ಲ. ನಾನು ಕೊಡ ಅಲ್ಲೇ ಬಿಟ್ಟು ಒಳಗೆ ಓಡಿ, ಬಾಗಿಲು ಹಾಕಿ, ಮಗನನ್ನು ಎದೆಗೆ ಅವುಚಿಕೊಂಡೆ.

"ಅಳಬೇಡ ಕಣೋ" ಎಂದೆ, "ಅವಳಿಗೆ ಕೇಳ್ಸುತ್ತೆ."