ಆಂದರಸ್ ಎಣಿಸಿ ಹೇಳಿದ ದಿನ

ಆಂದರಸ್ ನಮ್ಮೂರಿನಲ್ಲಿ ಯಾರ ಬಾಯಿಗೂ ಬೀಳದೆ ಎಪ್ಪತ್ತೊಂದು ವರ್ಷ ಬದುಕಿ ಹೋದವನು. ಹಿಮಸಾರಂಗ ಸಾಕುವುದು, ಚೂರಿ ಮಸೆಯುವುದು, ಕಾಫಿಗೆ ಒಣಮಾಂಸದ ಚೂರು ಹಾಕಿಕೊಂಡು ಸುಮ್ಮನೆ ಕೂರುವುದು, ಇಷ್ಟೇ ಅವನ ಲೋಕ. ಅವನ ಸಾರಂಗಗಳ ಕಿವಿಯಲ್ಲಿ ಕೊಯ್ದ ಗುರುತು ಅವನ ಅಜ್ಜಿಯ ಕಾಲದ್ದು. ಆ ಗುರುತಿನ ಹಿಂಡು ಇಲ್ಲವಾದರೆ ಮನೆತನವೇ ಅಳಿದ ಲೆಕ್ಕ.

ಉತ್ತರದ ಈ ಹಿಮನಾಡಿನಲ್ಲಿ ಸಾರಂಗ ಸಾಕಿ ಬದುಕುವ ನಾವು ಸಾಮಿ ಜನ ಏನು ಬೇಕಾದರೂ ಕೇಳುತ್ತೇವೆ, ಒಂದನ್ನು ಬಿಟ್ಟು. ನಿನ್ನ ಹತ್ತಿರ ಎಷ್ಟು ಸಾರಂಗ ಇವೆ ಎಂದು ಹೆಂಡತಿ ಕೂಡ ಗಂಡನನ್ನು ಕೇಳುವುದಿಲ್ಲ; ಅದು ಇನ್ನೊಬ್ಬರ ಜೇಬಿಗೆ ಕೈ ಹಾಕಿದ ಹಾಗೆ. ತಿಳಿಗೇಡಿಗಳು ಯಾರಾದರೂ ಕೇಳಿದರೆ, ಮರದ ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು ಎಂದು ಬಾಯಿ ಮುಚ್ಚಿಸುತ್ತೇವೆ.

ಮೊಣಕಾಲು ಹೋದ ಮೇಲೆ ಆಂದರಸ್ ಬೆಟ್ಟ ಹತ್ತುವುದು ನಿಂತಿತು. ಚದುರಿದ ಹಿಂಡುಗಳನ್ನು ಹೆಲಿಕಾಪ್ಟರಿನಿಂದ ದೊಡ್ಡಿಗೆ ಅಟ್ಟಿ ತರುತ್ತಿದ್ದ ಒಬ್ಬನೇ ಪೈಲಟ್ಟಿಗೂ ವಯಸ್ಸಾಗಿತ್ತು. ಹಾಗಾಗಿ ಆಂದರಸ್‌ನ ಒಬ್ಬಳೇ ಮಗಳು ರಿಸ್ತೆನ್ ಗಡಿಯ ನದಿಯಾಚೆ ಸ್ವೀಡನ್ನಿಗೆ ಹೋಗಿ ಹದಿನಾಲ್ಕು ತಿಂಗಳು ಹೆಲಿಕಾಪ್ಟರ್ ಹಾರಿಸುವುದನ್ನು ಕಲಿತಳು. ಶುಲ್ಕವನ್ನೆಲ್ಲ ಆಂದರಸ್ ತನ್ನ ಸಾಕಣೆಯ ವ್ಯವಹಾರದ ಹೆಸರಿನಲ್ಲೇ ಕಟ್ಟಿದ. ಬ್ಯಾಂಕು ಕೊಟ್ಟಿತು ಎಂದ, ಅವಳು ನಂಬಿದಳು.

ಆ ಶುಲ್ಕದಲ್ಲಿ ಹದಿನಾರು ಸಾವಿರ ಯೂರೋ ಸ್ವೀಡನ್ನಿನ ಮಾರಾಟ ತೆರಿಗೆ. ತರಬೇತಿ ವ್ಯವಹಾರಕ್ಕೇ ಬೇಕಿತ್ತು ಎಂದು ತೋರಿಸಿದರೆ ಅದು ವಾಪಸು ಬರುತ್ತದೆ. ಅಂಚೆ ಕಚೇರಿಯ ಕೆಲಸ ಬಿಟ್ಟ ಮೇಲೂ ಊರಿನ ಕಾಗದಪತ್ರವೆಲ್ಲ ನನ್ನ ತಲೆಗೇ ಕಟ್ಟಿರುವುದರಿಂದ ಅರ್ಜಿ ಹಾಕಿದವಳು ನಾನೇ. ಯಾರನ್ನೂ ಏನನ್ನೂ ಕೇಳದ ಆಂದರಸ್ ಆಮೇಲೆ ವಾರಕ್ಕೆರಡು ಸಲ ನಮ್ಮ ಬಾಗಿಲಿಗೆ ಬರತೊಡಗಿದ.

"ಇಂಗಾ, ಬಂತೇನೇ ದುಡ್ಡು? ಮರಿ ಹಾಕೋ ಹೆಣ್ಣು ಸಾರಂಗ ತಗೋಬೇಕಿತ್ತು ಕಣೆ."

ದುಡ್ಡಿನ ಬದಲು ತೆರಿಗೆ ಕಚೇರಿಯ ಪತ್ರ ಬಂತು. ಈ ವ್ಯವಹಾರಕ್ಕೆ ಪೈಲಟ್ ಏಕೆ ಬೇಕು? ಸಾರಂಗಗಳ ಸಂಖ್ಯೆ ಎಷ್ಟು? ನಾನು ಓದಿ ಹೇಳಿದೆ. ಆಂದರಸ್‌ನ ಮುಖ ಕೆಂಪಾಯಿತು.

"ಥೂ, ಕೇಳೋ ಮಾತಾ ಇದು? ಮನೇಲಿ ದೊಡ್ಡೋರು ಯಾರೂ ಹೇಳ್ಕೊಟ್ಟಿಲ್ವಾ ಇವ್ರಿಗೆ?"

"ಕಚೇರಿಯವ್ರು ಅಣ್ಣ, ಅವ್ರಿಗೇನು ಗೊತ್ತು."

"ಗೊತ್ತಿಲ್ದಿದ್ರೆ ಗೊತ್ತಾಗ್ಲಿ. ಮರದ ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು ಅಂತ ಬರಿ."

ಹಾಗೇ ಬರೆದೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತವಳಿಗೆ ಅಷ್ಟೂ ತಿಳಿಯದೇ ಎಂದು ನೀವು ಬೈಯಬಹುದು. ತಿಳಿದಿತ್ತು. ಅವನನ್ನು ಆ ಪ್ರಶ್ನೆ ಕೇಳಲು ನನಗೂ ನಾಲಿಗೆ ಏಳಲಿಲ್ಲ.

ಅರ್ಜಿ ತಿರಸ್ಕಾರವಾಯಿತು. ಮೇಲ್ಮನವಿಗೆ ಒಂದು ತಿಂಗಳು, ಈ ಸಲ ಸಂಖ್ಯೆಯೂ ಬೇಕು, ವ್ಯವಹಾರದ ರಸೀದಿಗಳೂ ಬೇಕು. ಅಷ್ಟರಲ್ಲಿ ರಿಸ್ತೆನ್ ಊರಿಗೆ ಬಂದಿದ್ದಳು. ಅವರ ಅಡುಗೆಮನೆಯಲ್ಲಿ ನನ್ನೆದುರೇ ಅಪ್ಪನ ಮೇಲೆ ಹರಿಹಾಯ್ದಳು.

"ಹದಿನಾರು ಸಾವಿರ ಅಪ್ಪಾ! ಒಂದು ನಂಬರ್ ಹೇಳಕ್ಕೆ ಇಷ್ಟು ಜಂಬಾನಾ? ಊರವರ ಕಣ್ಣು ಬೀಳೋ ಅಷ್ಟು ಇದಾವಾ ನಿನ್ನತ್ರ?"

ಆಂದರಸ್ ಲೋಟ ಕೆಳಗಿಟ್ಟ. ಹೊರಗೆ ಹೋಗೋಣವೆಂದು ನಾನು ಎದ್ದೆ.

"ಕೂತ್ಕೋ ಇಂಗಾ. ಬರಿಯೋಳು ನೀನೇ ಅಲ್ವಾ." ಕಿಟಕಿಯ ಕಡೆ ತಿರುಗಿಕೊಂಡ. "ಇವಳು ಕಲಿಯಕ್ಕೆ ಹೋಗೋ ಮುಂಚೆ ಇನ್ನೂರ ಹನ್ನೊಂದು. ಈಗ ಹತ್ತೊಂಬತ್ತು."

ಕಪಾಟಿನಿಂದ ಕಸಾಯಿಖಾನೆಯ ರಸೀದಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟ. ರಿಸ್ತೆನ್ ಒಂದೊಂದೇ ದಿನಾಂಕ ನೋಡಿದಳು. ಪ್ರತಿಯೊಂದೂ ಅವಳ ಶುಲ್ಕ ಕಟ್ಟಿದ ವಾರದ್ದೇ.

"ಬ್ಯಾಂಕು ಅಂದಿದ್ಯಲ್ಲಪ್ಪಾ."

"ನಮಗೆ ಅವೇ ಅಲ್ವೇನಮ್ಮಾ ಬ್ಯಾಂಕು."

ರಿಸ್ತೆನ್ ರಸೀದಿಗಳ ಮೇಲೆ ತಲೆಯಿಟ್ಟು ಅತ್ತಳು. ನನಗೂ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ದೊಡ್ಡಿಯಲ್ಲಿ ನಿಂತು ಅವನ ಸಾರಂಗಗಳು ಲಾರಿ ಹತ್ತುವುದನ್ನು ಊರೆಲ್ಲ ನೋಡಿತ್ತು. ನಾನೂ ನೋಡಿದ್ದೆ. ಯಾಕೆ ಆಂದರಸಣ್ಣ, ಏನು ಕಷ್ಟ ಎಂದು ಒಬ್ಬರೂ ಕೇಳಲಿಲ್ಲ. ಸುಡಲಿ ನಮ್ಮ ಮರ್ಯಾದೆ ಅನ್ನಿಸಿತು.

ಎರಡೂ ಸಂಖ್ಯೆ ಬರೆದೆವು, ಬೆಟ್ಟದ ಹಿಂಡು ತರಲು ಪೈಲಟ್ ಏಕೆ ಬೇಕೆಂದೂ ಬರೆದೆವು, ರಸೀದಿಗಳನ್ನೂ ಲಗತ್ತಿಸಿದೆವು. ಬೇಸಿಗೆಯಲ್ಲಿ ಹಣ ಬಂತು.

ಸೆಪ್ಟೆಂಬರಿನಲ್ಲಿ ರಿಸ್ತೆನ್ ತಾನೇ ಹಾರಿ ಬೆಟ್ಟದ ಹಿಂಡುಗಳನ್ನೆಲ್ಲ ದೊಡ್ಡಿಗೆ ತಂದಳು. ಆಮೇಲೆ ಬೂಟು ಬದಲಿಸಿ ಒಳಗಿಳಿದು, ಆ ಹಣದಲ್ಲಿ ನೆರೆಯವರಿಂದ ಕೊಂಡ ಹೆಣ್ಣು ಸಾರಂಗಗಳ ಕಿವಿಗೆ ಮುತ್ತಜ್ಜಿಯ ಗುರುತು ಕೊಯ್ಯುತ್ತಾ ಹೋದಳು. ಆಂದರಸ್ ಬೇಲಿಯ ಪಕ್ಕ ನನ್ನ ಜೊತೆ ಸ್ಟೂಲಿನ ಮೇಲೆ ಕೂತಿದ್ದ. ಅವನ ಕಣ್ಣಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ. ಅವಳು ಹತ್ತಿರ ಬಂದಾಗ ತಡೆಯಲಾರದೆ ಕೇಳಿಯೇಬಿಟ್ಟ.

"ಎಷ್ಟು ತಗೊಂಡೆ ಮಗಳೇ?"

ರಿಸ್ತೆನ್ ಚೂರಿಯನ್ನು ಪ್ಯಾಂಟಿಗೆ ಒರೆಸಿಕೊಂಡಳು.

"ಮರದ ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು ಅಪ್ಪಾ."

ಆಂದರಸ್ ನಕ್ಕ. ಅವನು ನಗುವುದನ್ನು ನಾನು ನೋಡಿದ್ದು ಅದೇ ಕೊನೆ.