ಪರಿಶೀಲನಯ್ಯನ ಹಳದಿ ಹಾಳೆ

ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೊಂದು ಹೆಸರಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ. ನಮ್ಮ ಶಾಖೆಗೆಲ್ಲ ಅವರು ಪರಿಶೀಲನಯ್ಯ. ಟೀ ಕುಡಿಯೋಕೆ ಬನ್ನಿ ಅಂದರೂ "ನೋಡೋಣ" ಎನ್ನುವವರು, ಬಂದು ಕುಡಿದ ಮೇಲೂ ಚೆನ್ನಾಗಿತ್ತೋ ಇಲ್ಲವೋ ಎಂದು ಹೇಳದವರು. ಅವರ ಪಕ್ಕದ ಮೇಜಿನಲ್ಲಿ ಕೂತು ನನ್ನ ಅರ್ಧ ಆಯುಷ್ಯ ಹೋಗಿದೆ. ಆದ್ದರಿಂದ ಅವರ ಬಗ್ಗೆ ನಾಲ್ಕು ಮಾತು ಆಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಅವರ ಕೆಲಸ ಇಷ್ಟೇ. ಸದನ ಸೇರುವ ಮುಂಚೆ ವಿರೋಧ ಪಕ್ಷದವರು ಸರ್ಕಾರಕ್ಕೆ ಪ್ರಶ್ನೆ ಕಳಿಸುತ್ತಾರೆ. ತರುತ್ತೇವೆ ಎಂದು ಮಾತು ಕೊಟ್ಟ ಕಾನೂನು ಎಲ್ಲಿಗೆ ಬಂತು, ಕರಡು ಯಾವ ಹಂತದಲ್ಲಿದೆ, ಯಾವಾಗ ಮಂಡಿಸುತ್ತೀರಿ, ಹೀಗೆ. ಇವಕ್ಕೆ ಮಂತ್ರಿಗಳು ಎದ್ದು ನಿಂತು ಉತ್ತರ ಹೇಳುತ್ತಾರೆ. ಮಂತ್ರಿಗಳು ಹೇಳುವ ಉತ್ತರವನ್ನು ಬರೆಯುವವರು ಪರಿಶೀಲನಯ್ಯ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರ ದೀಪ ಗೋಡೆಯ ಆ ಕಡೆಯೂ ಬೀಳುತ್ತಿರಲಿಲ್ಲ, ಈ ಕಡೆಯೂ ಬೀಳುತ್ತಿರಲಿಲ್ಲ.

ಹೊಸದಾಗಿ ಸೇರಿದವರಿಗೆ ಅವರು ಪಾಠ ಹೇಳುವುದನ್ನು ಕೇಳಬೇಕಿತ್ತು. "ಬರೀ 'ಪರಿಶೀಲನೆಯಲ್ಲಿದೆ' ಅಂದ್ರೆ ಫೈಲ್ ಕಪಾಟಲ್ಲಿದೆ ಅಂತ. 'ಸಕ್ರಿಯ ಪರಿಶೀಲನೆಯಲ್ಲಿದೆ' ಅಂದ್ರೆ ಯಾರೋ ಕಪಾಟಿನ ಬೀಗದ ಕೈ ಹುಡುಕ್ತಾ ಇದಾರೆ ಅಂತ. 'ಅಂತಿಮ ಹಂತದಲ್ಲಿದೆ' ಅನ್ನೋದನ್ನ ಸುಮ್‌ಸುಮ್ನೆ ಬಳಸ್ಬೇಡಿ. ಫೈಲ್ ಕಳೆದುಹೋದಾಗ ಬೇಕಾಗುತ್ತೆ." ಇಷ್ಟನ್ನು ಹೇಳಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ. ಅವರಿಗೆ ಇದು ತಮಾಷೆಯಲ್ಲ, ವಿದ್ಯೆ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಉತ್ತರ ಬಿಳಿ ಹಾಳೆಯಲ್ಲಿ ಹೋಗುತ್ತದೆ. ಅದರ ಹಿಂದೆ ಒಂದು ಹಳದಿ ಹಾಳೆ. ಅದರಲ್ಲಿ ನಿಜಸ್ಥಿತಿ ಇರುತ್ತದೆ. ವಿರೋಧ ಪಕ್ಷದವರು ಅಡ್ಡಪ್ರಶ್ನೆ ಹಾಕಿದರೆ ಮಂತ್ರಿಗಳು ತಬ್ಬಿಬ್ಬಾಗಬಾರದಲ್ಲ, ಅದಕ್ಕೆ. ಬಿಳಿಯದು ಓದುವುದಕ್ಕೆ, ಹಳದಿ ತಿಳಿದುಕೊಂಡು ಬಾಯಿ ಮುಚ್ಚಿಕೊಳ್ಳುವುದಕ್ಕೆ. ಮಂತ್ರಿಗಳಿಗೆ ಒಳಗೇನಿದೆ ಎಂದು ನೋಡಲು ಪುರುಸೊತ್ತಿರುವುದಿಲ್ಲ. ಅವರು ಬಣ್ಣ ನೋಡಿ ಓದು ನಿಲ್ಲಿಸುತ್ತಾರೆ. ಎಷ್ಟು ಸರ್ಕಾರ ಬಂದುಹೋದರೂ ಈ ಏರ್ಪಾಡು ಮಾತ್ರ ತಪ್ಪಿರಲಿಲ್ಲ.

ಮನೆಯಲ್ಲೂ ಮನುಷ್ಯ ಹೀಗೇ. ಸ್ನಾನದ ಮನೆಯ ನಲ್ಲಿ ಸೋರುತ್ತಿದೆ ಎಂದು ಹೆಂಡತಿ ಹೇಳಿದರೆ "ಗಮನಕ್ಕೆ ಬಂದಿದೆ" ಎನ್ನುತ್ತಿದ್ದರಂತೆ. "ನೋಡಿ, ನಮ್ಮೆಜಮಾನ್ರನ್ನ ನಾನು ಯಾವ ಬಣ್ಣದ ಸೀರೆ ಉಟ್ಟಿದೀನಿ ಅಂತ ಕೇಳಿದ್ರೂ ಮಾಹಿತಿ ಸಂಗ್ರಹಿಸಿ ಹೇಳ್ತೀನಿ ಅಂತಾರೆ" ಎಂದು ಆಕೆ ನನ್ನೆದುರೇ ಕಿಚಾಯಿಸಿದ್ದುಂಟು. ನಲ್ಲಿಯನ್ನು ಕೊನೆಗೆ ಆಕೆಯೇ ಕೊಳಾಯಿಯವನನ್ನು ಕರೆಸಿ ಬದಲಾಯಿಸಿದರು. ಪರಿಶೀಲನಯ್ಯ ಹೊಸ ನಲ್ಲಿ ತಿರುಗಿಸಿ ನೋಡಿ, ಕ್ರಮ ಕೈಗೊಂಡಂತೆ ತಲೆದೂಗಿದರು.

ಇದೆಲ್ಲ ನಗುವ ವಿಷಯವೇ. ಅವರ ಅಕ್ಕನ ವಿಷಯಕ್ಕೆ ಬಂದಾಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ.

ತಾಯಿ ಹೋದ ಮೇಲೆ ಅವರನ್ನು ಸಾಕಿದ್ದು ಅಕ್ಕ. ಓದಿಸಿದ್ದೂ ಆಕೆಯೇ, ಬೇರೆಯವರ ಮನೆಗಳಲ್ಲಿ ದುಡಿದು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ. ಎಬ್ಬಿಸುವುದು, ತೊಳೆಯುವುದು, ಬಟ್ಟೆ ಬದಲಿಸುವುದು, ಮಗ್ಗುಲು ತಿರುಗಿಸುವುದು. ಈಗ ಕೆಲವು ವರ್ಷಗಳಿಂದ ಒಂದೇ ಮನೆ. ಅಲ್ಲಿ ಒಬ್ಬ ಅಜ್ಜ, ಆಳು ಆಜಾನುಬಾಹು, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಅವರನ್ನು ಎತ್ತಿ ಇಳಿಸಿ ಅಕ್ಕನ ಮಂಡಿ ಸವೆದುಹೋಗಿತ್ತು. ಮೆಟ್ಟಿಲು ಹತ್ತುವಾಗ ಆಕೆ ಹಲ್ಲು ಕಚ್ಚುವುದು ದೂರಕ್ಕೂ ಕಾಣುತ್ತಿತ್ತು.

ಕೆಲಸ ಬಿಡಬಾರದೇ ಎಂದರೆ, ಕಾನೂನು ಬರುತ್ತದಲ್ಲ ಎನ್ನುತ್ತಿದ್ದಳು. ಪರರ ಮನೆಯಲ್ಲಿ ದುಡಿಯುವವರಿಗೆ ವಾರಕ್ಕೊಂದು ರಜೆ, ಮುಪ್ಪಿಗೆ ಪಿಂಚಣಿ. ಹಾಗೊಂದು ಕಾನೂನು ತರುವುದಾಗಿ ಸರ್ಕಾರ ಯಾವತ್ತೋ ಮಾತು ಕೊಟ್ಟಿತ್ತು. ಆದರೆ ಅದು ಜಾರಿಗೆ ಬರುವ ದಿನ ಯಾರು ಕೆಲಸದಲ್ಲಿರುತ್ತಾರೋ ಅವರಿಗೆ ಮಾತ್ರ ಎಂದು ಆಗಲೇ ಹೇಳಿಬಿಟ್ಟಿದ್ದರು. ಹಿಂದಿನ ದಿನ ಬಿಟ್ಟವರಿಗೂ ಏನೂ ಇಲ್ಲ. ಹಾಗಾಗಿ ಅಕ್ಕ ಬಿಡುವ ಹಾಗಿರಲಿಲ್ಲ. ಒಂದು ಗಳಿಗೆ ಬಿಡುವು ಸಿಕ್ಕಿ ತಮ್ಮನ ಮನೆಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಎಲ್ಲಿಗೆ ಬಂತೋ ನಮ್ಮ ಕಾನೂನು?" ತಮ್ಮನೇ ಕಾನೂನು ಇಲಾಖೆಯಲ್ಲಿದ್ದಾನೆ, ಅವನಿಗಿಂತ ಇನ್ಯಾರಿಗೆ ಗೊತ್ತಿರುತ್ತದೆ? ತಮ್ಮ ಹೇಳುತ್ತಿದ್ದ: "ಅಂತಿಮ ಹಂತದಲ್ಲಿದೆ ಅಕ್ಕಾ."

ಅಕ್ಕನ ಮೂಗಿಗೆ ತುಪ್ಪ ಸವರಬೇಕೆಂಬ ಕೆಟ್ಟ ಬುದ್ಧಿ ಅವರಿಗಿರಲಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಇಲ್ಲ ಎನ್ನುವ ಪದ ಅವರ ನಾಲಿಗೆಗೆ ಬರುತ್ತಲೇ ಇರಲಿಲ್ಲ, ಅಷ್ಟೇ. ಆದರೆ ಅದರಿಂದ ಅಕ್ಕನ ಮಂಡಿಗೇನೂ ಲಾಭವಾಗಲಿಲ್ಲ.

ಈ ಮಧ್ಯೆ ಚುನಾವಣೆ ಬಂದು ಸರ್ಕಾರ ಬದಲಾಯಿತು. ಹಿಂದೆ ವಿರೋಧ ಪಕ್ಷದಲ್ಲಿದ್ದು, "ಎಲ್ಲಿ ಆ ಕಾನೂನು?" ಎಂದು ಮೇಜು ಗುದ್ದುತ್ತಿದ್ದ ಹೆಂಗಸೇ ಈಗ ಮಂತ್ರಿ. ಹಿಂದೆ ಮಂತ್ರಿಯಾಗಿ "ಪರಿಶೀಲನೆಯಲ್ಲಿದೆ" ಎಂದು ಓದುತ್ತಿದ್ದ ದಪ್ಪ ಮೀಸೆಯವರು ಈಗ ಎದುರುಗಡೆ ಕೂತು ಮೇಜು ಗುದ್ದತೊಡಗಿದರು. ಪ್ರಶ್ನೆ ಅದೇ. ಉತ್ತರವೂ ಅದೇ. ಬರೆದವರೂ ಅವರೇ. "ಮೇಜಿಗೆ ಮಾತ್ರ ಏನೂ ಬದಲಾಗಿಲ್ಲ, ಪಾಪ" ಎಂದು ನಾನೊಮ್ಮೆ ಹೇಳಿದೆ. ಪರಿಶೀಲನಯ್ಯ ಅದಕ್ಕೂ ನೋಡೋಣ ಎಂದರು.

ಆ ಅಧಿವೇಶನದ ಹೊತ್ತಿಗೆ ಅಕ್ಕ ಒಂದು ದಿನ ನೇರ ಕಚೇರಿಗೇ ಬಂದುಬಿಟ್ಟಳು. ಅಂಗಡಿಯ ಬಾಕಿ ವಸೂಲಿಗೆ ಬಂದವಳ ಹಾಗೆ ಮೇಜಿನ ಮುಂದೆ ನಿಂತಳು. "ಡಾಕ್ಟ್ರು ಇನ್ಮೇಲೆ ಯಾರನ್ನೂ ಎತ್ತಬೇಡ ಅಂದಿದಾರೆ ಕಣೋ. ಆಮೇಲೆ ನಿನ್ನನ್ನೇ ಎತ್ತಬೇಕಾಗುತ್ತೆ ಅಂದ್ರು. ನಂಗೆ ಹೌದೋ ಅಲ್ವೋ ಅಷ್ಟೇ ಹೇಳು. ಬರುತ್ತಾ, ಬರಲ್ವಾ?"

ನಾನು ಪೆನ್ನು ಕೆಳಗಿಟ್ಟೆ. ಈಗಲಾದರೂ ಹೇಳುತ್ತಾರೆ ಅಂದುಕೊಂಡೆ. ಪರಿಶೀಲನಯ್ಯ ಎರಡು ಸಲ ಗಂಟಲು ಸರಿಮಾಡಿಕೊಂಡು, ಡ್ರಾಯರ್ ಎಳೆದು, ಸದನದ ಪ್ರೇಕ್ಷಕರ ಗ್ಯಾಲರಿಯ ಒಂದು ಪಾಸು ತೆಗೆದು ಕೊಟ್ಟರು. "ಗುರುವಾರ ಇದೇ ಪ್ರಶ್ನೆ ಇದೆ ಅಕ್ಕಾ. ಮಂತ್ರಿಗಳೇ ಹೇಳ್ತಾರೆ. ನೀನೇ ಕಿವಿಯಾರೆ ಕೇಳು." ಅಕ್ಕನ ಮುಖ ಅರಳಿತು. ಮಂತ್ರಿಯೇ ಹೇಳುತ್ತಾರೆ ಎಂದ ಮೇಲೆ ಇನ್ನೇನು? ಆಕೆ ಹೋದ ಮೇಲೆ ನಾನು ಅವರ ಮುಖ ನೋಡಲಿಲ್ಲ. ನೋಡಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಬುಧವಾರ ಹಳದಿ ಕಾಗದ ಮುಗಿಯಿತು. ಉಗ್ರಾಣದವರನ್ನು ಕೇಳಿದರೆ, ಬೇಡಿಕೆ ಪರಿಶೀಲನೆಯಲ್ಲಿದೆ ಎಂದರು. ಅವರೂ ನಮ್ಮವರೇ ತಾನೇ! ಪರಿಶೀಲನಯ್ಯ ಪೇಚಾಡಿ, ಕೊನೆಗೆ ನಿಜಸ್ಥಿತಿಯನ್ನೂ ಬಿಳಿ ಹಾಳೆಯಲ್ಲೇ ಹಾಕಿ, ಮೇಲೆ ದಪ್ಪಕ್ಷರದಲ್ಲಿ 'ಓದತಕ್ಕದ್ದಲ್ಲ' ಎಂದು ಬರೆದರು. "ಇಷ್ಟು ದಪ್ಪಗೆ ಬರೆದ್ರೆ ಕುರುಡರಿಗೂ ಕಾಣುತ್ತೆ" ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು.

ಗುರುವಾರ ನಾವಿಬ್ಬರೂ ಸದನದ ಮೂಲೆಯಲ್ಲಿ ಇಲಾಖೆಯವರಿಗೆಂದು ಹಾಕಿದ ಬೆಂಚಿನಲ್ಲಿ ಕೂತಿದ್ದೆವು. ಮೇಲೆ ಗ್ಯಾಲರಿಯ ಮೊದಲ ಸಾಲಿನಲ್ಲಿ ಅಕ್ಕ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಟಕಟೆ ಹಿಡಿದು ಮುಂದಕ್ಕೆ ಬಾಗಿದ್ದಳು. ದಪ್ಪ ಮೀಸೆಯವರು ಎದ್ದು ಪ್ರಶ್ನೆಯ ಸಂಖ್ಯೆ ಹೇಳಿದರು. ಮಂತ್ರಿಣಿ ಎದ್ದು ನಿಂತು ಕನ್ನಡಕ ಏರಿಸಿ ಓದಿದರು.

"ಸನ್ಮಾನ್ಯ ಸಭಾಧ್ಯಕ್ಷರೇ, ವಿಷಯವು ಸರ್ಕಾರದ ಗಮನಕ್ಕೆ ಬಂದಿದೆ. ಕರಡು ಮಸೂದೆಯು ಅಂತಿಮ ಹಂತದಲ್ಲಿದ್ದು ಸಕ್ರಿಯ ಪರಿಶೀಲನೆಯಲ್ಲಿದೆ. ಸೂಕ್ತ ಕಾಲದಲ್ಲಿ ಮಂಡಿಸಲಾಗುವುದು." ಪುಟ ತಿರುಗಿಸಿದರು. ಮುಂದಿನದೂ ಬಿಳಿ. ಅದೇ ರಾಗದಲ್ಲಿ ಮುಂದುವರಿದರು. "ಓದತಕ್ಕದ್ದಲ್ಲ. ವಾಸ್ತವವಾಗಿ ಕರಡನ್ನು ಬರೆಯಲು ಆರಂಭಿಸಿರುವುದಿಲ್ಲ. ಕಡತವು ಹಿಂದಿನ ಸರ್ಕಾರದ ಅವಧಿಯಲ್ಲಿ ಅಭಿಪ್ರಾಯಕ್ಕೆಂದು ಹಣಕಾಸು ಇಲಾಖೆಗೆ ಹೋಗಿದ್ದು, ಮರಳಿ ಬಂದಿರುವುದಿಲ್ಲ. ಯಾರೂ ಕೇಳಿರುವುದೂ ಇಲ್ಲ. ಈ ಕಾನೂನನ್ನು ತರುವ ಉದ್ದೇಶ ಸದ್ಯಕ್ಕೆ ಇರುವುದಿಲ್ಲ."

ವಿರೋಧ ಪಕ್ಷದವರೆಲ್ಲ ಒಟ್ಟಿಗೆ ಎದ್ದು ನಿಂತರು. ಗಲಾಟೆಗೆ ಬಾಯಿ ತೆರೆಯುವಷ್ಟರಲ್ಲಿ ಮಂತ್ರಿಣಿ ಕೊನೆಯ ಸಾಲನ್ನೂ ಓದಿ ಮುಗಿಸಿದರು: "ವಿರೋಧ ಪಕ್ಷದವರು ಹೆಚ್ಚು ಒತ್ತಾಯಿಸಿದಲ್ಲಿ, ಅವರ ಕಾಲದಲ್ಲೂ ಇದೇ ಉತ್ತರ ಕೊಟ್ಟಿದ್ದನ್ನು ನೆನಪಿಸಬಹುದು." ಎದ್ದವರು ಹಾಗೇ ಕೂತರು. ದಪ್ಪ ಮೀಸೆಯವರು ಮೀಸೆಯನ್ನೇ ಹುಡುಕುತ್ತಿರುವವರ ಹಾಗೆ ಮುಖ ಸವರಿಕೊಂಡರು. ಆಮೇಲೆ ಎರಡೂ ಕಡೆಯವರು ಬಿದ್ದು ಬಿದ್ದು ನಕ್ಕರು. ಸಭಾಧ್ಯಕ್ಷರು ಗಂಟೆ ಬಾರಿಸುತ್ತ ತಾವೂ ನಕ್ಕರು. ನಿಜ ಹೇಳಬೇಕೆಂದರೆ ನನಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂದಿತ್ತು. ಮೇಲೆ ನೋಡಿದೆ. ಅಷ್ಟು ಜನರಲ್ಲಿ ಅಕ್ಕ ಒಬ್ಬಳು ನಗುತ್ತಿರಲಿಲ್ಲ.

ಪರಿಶೀಲನಯ್ಯ ಆಗಲೇ ಎದ್ದು ಹೊರಗೆ ಓಡಿದ್ದರು. ಕಾರ್ಯದರ್ಶಿಗಳು ಹಿಂದಿನಿಂದ ಕೂಗಿದ್ದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನಾನೂ ಹಿಂದೆ ಹೋದೆ. ಗ್ಯಾಲರಿಯಿಂದ ಇಳಿಯುವ ಕಲ್ಲಿನ ಮೆಟ್ಟಿಲಿನ ಮೇಲೆ, ನಡುವಿನಲ್ಲೇ, ಅಕ್ಕ ಕೂತಿದ್ದಳು. ಇಳಿಯಲು ಆಗುತ್ತಿರಲಿಲ್ಲ.

"ಆಯಮ್ಮ ಓದಿದ್ದು ನಿಜಾನಾ?" ಎಂದಳು.

"ಯಾವುದು?" ಎಂದರು ಇವರು. ಹಾಳು ಅಭ್ಯಾಸ, ಆಗಲೂ ಬಿಡಲಿಲ್ಲ.

"ಎರಡನೇದು."

"ನಿಜ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

ಅವರ ತುಟಿ ಅಲುಗಾಡಿತು. ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂಬಂಥದ್ದೇನೋ ಅಲ್ಲಿಯವರೆಗೆ ಬಂದು ನಿಂತಿರಬೇಕು. ಆದರೆ ಅದು ಹೊರಬರಲಿಲ್ಲ. "ಗೊತ್ತಿತ್ತಕ್ಕಾ. ನಾನೇ ಬರೆದಿದ್ದು."

ಅಕ್ಕ ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆಕೆ ಮಂಡಿಯ ಮೇಲೆ ಅಂಗೈ ಇಟ್ಟುಕೊಂಡು ತಮ್ಮನ ಕಡೆ ತಿರುಗಿದಳು. "ಊರಿಗೆಲ್ಲ ಹೇಳೋ ಉತ್ತರಾನೇ ನಂಗೂ ಹೇಳಿದ್ಯಲ್ಲೋ. ಕಾಲು ಗಟ್ಟಿಯಾಗಿದ್ದಾಗ ಇಲ್ಲ ಅಂದಿದ್ರೆ ಆಗ್ಲೇ ಬಿಟ್ಟುಬಿಡ್ತಿದ್ದೆ. ನಡೆದಾಡ್ಕೊಂಡಾದ್ರೂ ಇರ್ತಿದ್ದೆ."

ಪರಿಶೀಲನಯ್ಯ ಎಲ್ಲರೆದುರು, ಕಾವಲಿನವರು ನೋಡುತ್ತಿದ್ದಂತೆಯೇ, ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಅಕ್ಕನೇ ಸೆರಗಿನಿಂದ ಅವರ ಮುಖ ಒರೆಸಬೇಕಾಯಿತು. ನಾವಿಬ್ಬರೂ ಎರಡು ಕಡೆ ಹಿಡಿದು ಆಕೆಯನ್ನು ಕೆಳಗಿಳಿಸಿದೆವು. ಆ ಸಂಜೆಯೇ ಅವರು ಆಕೆಯನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಹೆಂಡತಿಯನ್ನು ಕೇಳಿದಿರಾ ಎಂದೆ. "ಹೋಗಿ ಹೇಳ್ತೀನಿ" ಎಂದರು. ಹೇಳಿದ್ದಕ್ಕೆ ಆಕೆ, ಇದನ್ನು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ಎಂದರಂತೆ.

ಒಂದು ವಿಷಯ ಉಳಿದಿತ್ತು. ಬೇರೆಯವರು ಸಿಗುವವರೆಗೆ ಅಜ್ಜನನ್ನು ಎತ್ತುವವರು ಯಾರು? ಅಕ್ಕ ಅದೇ ಚಿಂತೆಯಲ್ಲಿ ಒದ್ದಾಡುತ್ತಿದ್ದಳು. "ನಾನು ಹೋಗ್ತೀನಿ" ಎಂದರು ಪರಿಶೀಲನಯ್ಯ. ಪೆನ್ನಿಗಿಂತ ಭಾರದ್ದನ್ನು ಎತ್ತದ ಆಸಾಮಿ! ಅಯ್ಯೋ ಅನ್ನಿಸಿ ಮರುದಿನ ಬೆಳಿಗ್ಗೆ ನಾನೂ ಜೊತೆಗೆ ಹೋದೆ.

ಅಜ್ಜ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹೆಜ್ಜೆಯ ಸದ್ದಿಗೆ ಕತ್ತು ತಿರುಗಿಸಿ, ನಮ್ಮನ್ನು ನೋಡಿ ಮುಖ ಹುಳ್ಳಗೆ ಮಾಡಿಕೊಂಡರು. "ಅವಳೆಲ್ಲಿ? ಯಾವಾಗ ಬರ್ತಾಳೆ?"

ಮಂಚದ ಆಚೆ ನಿಂತಿದ್ದ ಸೊಸೆ, ನಾಳೆ ಬರ್ತಾಳೆ ಅನ್ನಿ ಎಂದು ಕಣ್ಣಿನಲ್ಲೇ ಬೇಡಿಕೊಂಡಳು. ಕೇಳಿದ್ದು ಯಾರನ್ನು! ಅಂಥ ಉತ್ತರಗಳನ್ನು ಎಷ್ಟೋ ಸರ್ಕಾರಗಳಿಗೆ ಬರೆದುಕೊಟ್ಟವರನ್ನು.

ಪರಿಶೀಲನಯ್ಯ ಮಂಚದ ಅಂಚಿನಲ್ಲಿ ಕೂತು, ಅಜ್ಜನ ಕೈ ಹಿಡಿದುಕೊಂಡರು. "ಬರಲ್ಲ ಅಜ್ಜಾ. ಅವಳಿಗೆ ಮಂಡಿ ಹೋಗಿದೆ. ಇನ್ನು ಬರೋದೇ ಇಲ್ಲ. ಬೇರೆಯವರು ಸಿಗೋವರೆಗೂ ನಾನು ಬರ್ತೀನಿ. ನಂಗೆ ಎತ್ತೋಕೆ ಬರಲ್ಲ. ನೀವೇ ಹೇಳಿಕೊಡಿ."

ಅಜ್ಜನ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಸೊಸೆ ನಮ್ಮನ್ನು ನುಂಗುವ ಹಾಗೆ ನೋಡಿದಳು. ಪರಿಶೀಲನಯ್ಯ ಕೈ ಬಿಡಲಿಲ್ಲ, ಇನ್ನೇನೂ ಸೇರಿಸಲಿಲ್ಲ. ಬಹಳ ಹೊತ್ತಾದ ಮೇಲೆ ಅಜ್ಜ ಮೂಗೆಳೆದುಕೊಂಡು, ತಮ್ಮ ಭಾರವಾದ ತೋಳನ್ನು ಎತ್ತಿ ಅವರ ಕೊರಳಿಗೆ ಹಾಕಿದರು. "ಮೊದ್ಲು ಮಂಡಿ ಬಗ್ಗಿಸಬೇಕು" ಎಂದರು. "ಅವಳು ಹಾಗೇ ಮಾಡ್ತಿದ್ಲು."