ಊಟ ಮಾಡಿ ಮಲಗಿದವನ ‘ಹಸಿವು’

ಹೊಟ್ಟೆ ತುಂಬಿದ ಮನುಷ್ಯನೊಬ್ಬನನ್ನು, ಒಂದು ಮಾತೂ ಕೇಳದೆ, ಹಸಿದವನೆಂದು ಊರಿಗೆಲ್ಲ ತೋರಿಸಿದರು. ತೋರಿಸಿದವರು ಮಲ್ಲೇಶ್ವರಂನ ಒಂದು ಫೋಟೋಗ್ರಫಿ ಕ್ಲಬ್ಬಿನವರು.

ನಾನೂ ರುದ್ರಣ್ಣನೂ ಚಿಕ್ಕಪೇಟೆಯಲ್ಲಿ ಬಟ್ಟೆ ಮೂಟೆ ಹೊರುವವರು. ಆ ಸಂಜೆ ಅವರ ಸ್ಲೈಡ್ ಶೋಗಾಗಿ ಕಿಟಕಿಗಳಿಗೆ ಕಟ್ಟುವ ಕಪ್ಪು ಬಟ್ಟೆ ತಂದಿದ್ದೆವು. ಕಟ್ಟಿಕೊಟ್ಟು, ಹಿಂದೆ ನಿಂತು ನೋಡಿದೆವು. ಕೊಳಲು ಅಳತೊಡಗಿತು. ತೆರೆಯ ಮೇಲೆ ‘ಹಸಿವು’ ಎಂಬ ಶೀರ್ಷಿಕೆ ಬಂತು. ಅದರ ಹಿಂದೆಯೇ, ಮೂಟೆಗಳ ಮೇಲೆ ಬಾಯಿ ತೆರೆದು ಮಲಗಿದ್ದ ನಮ್ಮ ರುದ್ರಣ್ಣ! ಜನ ಲೊಚಗುಟ್ಟಿದರು.

“ಸಾರ್, ಅದು ನಾನು! ಎರಡು ಮುದ್ದೆ ಉಂಡು ಮಲಗಿದ್ದೆ,” ಎಂದು ರುದ್ರಣ್ಣ ಕೂಗಿದ. “ಶ್ಶ್” ಎಂದರು.

ಶೋ ಮುಗಿದ ಮೇಲೆ ಅವನು ಕ್ಲಬ್ಬಿನ ಕಾರ್ಯದರ್ಶಿಯನ್ನು ಹಿಡಿದ. “ಮುಂದಿನ ವಾರ ನನ್ ಮಗಳು ಪಾಠ ಮಾಡೋ ಬಸವನಗುಡಿ ಸ್ಕೂಲಲ್ಲೂ ಇದನ್ನ ತೋರಿಸ್ತೀರಂತೆ. ‘ನಿಮ್ಮಪ್ಪಂಗೆ ಊಟ ಹಾಕಲ್ವಾ ಮಿಸ್’ ಅಂತ ಮಕ್ಕಳು ಕೇಳಿದ್ರೆ ಅವಳು ಮುಖ ಎಲ್ಲಿಟ್ಕೋಬೇಕು? ತೆಗೆದುಬಿಡಿ ಸಾರ್.”

“ಅದ್ಹೇಗಾಗತ್ತೆ? ಮ್ಯೂಸಿಕ್‌ಗೆ ಸರಿಯಾಗಿ ಫೋಟೋ ಕೂರಿಸಿದೀವಿ. ಒಂದು ತೆಗೆದ್ರೂ ಕೊಳಲು ತಾಳ ತಪ್ಪತ್ತೆ.”

“ತಪ್ಪಲಿ ಬಿಡಿ. ಕೊಳಲಿಗೇನು ಮಗಳಿದಾಳಾ?” ಎಂದೆ ನಾನು.

ಅವರು ಆ ಫೋಟೋವನ್ನು ಶೋದಿಂದ ತೆಗೆಯಲಿಲ್ಲ. ನಿಮ್ಮ ಮಕ್ಕಳು ಆ ಶಾಲೆಯಲ್ಲಿದ್ದರೆ ಮುಂದಿನ ವಾರ ಹೋಗಿ. ರುದ್ರಣ್ಣ ತೆರೆಯ ಮೇಲೆ ಬಂದಾಗ ಲೊಚಗುಟ್ಟಬೇಡಿ. ಎದ್ದು ನಿಂತು, “ಇವರನ್ನ ಕೇಳಿದ್ರಾ?” ಅನ್ನಿ. ಆ ಫೋಟೋವನ್ನು ತೆರೆಯಿಂದ ತೆಗೆಯುವವರೆಗೆ ಕೂರಬೇಡಿ.